'ಹ' ಮುಂದೆ ನಿಂತುಹೋದ ಇಂಗ್ಲಿಷ್: ಮೈಸೂರಿನ ಒಬ್ಬ ನರ್ಸ್ ಪ್ರಕರಣ

ರಾತ್ರಿ ಎರಡೂವರೆ ಗಂಟೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ವಾರ್ಡು. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆಗಿದ್ದ ಒಬ್ಬರ ಬಿ.ಪಿ. ಇಳಿಯುತ್ತಿತ್ತು. ಅದನ್ನು ಮೊದಲು ಕಂಡವಳು 24 ವರ್ಷದ ಒಬ್ಬ ನರ್ಸ್. ಪಲ್ಸ್ ಜೋರಾಗಿತ್ತು. ಯೂರಿನ್ ಬ್ಯಾಗಿನಲ್ಲಿ ಎರಡು ಗಂಟೆಯಿಂದ ಹೆಚ್ಚೇನೂ ಸೇರಿರಲಿಲ್ಲ. ಒಳಗೆಲ್ಲೋ ರಕ್ತ ಸೋರುತ್ತಿರಬಹುದು ಅಂತ ಅವಳಿಗೆ ಅನ್ನಿಸಿತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದಳು. ಅವರಿಗೆ ಕನ್ನಡ ಬರುವುದಿಲ್ಲ.

"ಸರ್... ಪೇಷಂಟ್... ಸರ್..."

ಮುಂದೆ ಮಾತೇ ಹೊರಡಲಿಲ್ಲ. ಆ ಕಡೆಯಿಂದ "ಎಸ್, ಟೆಲ್ ಮಿ" ಅಂತ ಎರಡು ಸಲ ಕೇಳಿಸಿತು. ಅವಳು ಫೋನನ್ನು ಪಕ್ಕದಲ್ಲಿದ್ದ ಕೇರಳದ ಸಿಸ್ಟರ್ ಕೈಗೆ ಕೊಟ್ಟುಬಿಟ್ಟಳು. ಆ ಸಿಸ್ಟರ್ ಬೇರೆ ವಾರ್ಡಿನಿಂದ ಆಗಷ್ಟೇ ಬಂದಿದ್ದರು. ಇವಳು ಕನ್ನಡದಲ್ಲಿ ಪಿಸುಗುಟ್ಟಿದ್ದನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ಬಂದರು. ರೋಗಿ ಉಳಿದರು.

ಬೆಳಿಗ್ಗೆ ಎಲ್ಲರೂ ಮೆಚ್ಚಿಕೊಂಡಿದ್ದು ಆ ಸಿಸ್ಟರನ್ನು. ಇನ್‌ಚಾರ್ಜ್ ಇವಳಿಗೆ ಹೇಳಿದ್ದು ಒಂದೇ ಮಾತು. "ಫೋನಲ್ಲಿ ವಿಷಯ ಹೇಳೋಕೆ ಆಗದಿದ್ದರೆ ನಿನಗೆ ನೈಟ್ ಡ್ಯೂಟಿ ಹೇಗಮ್ಮ ಕೊಡೋದು?"

ಇದಾದ ಒಂದು ವಾರಕ್ಕೆ ಅವಳು ಸರಸ್ವತಿಪುರಂನ ನಮ್ಮ ಮನೆಗೆ ಬಂದಳು. ನಾನು ಪಿ.ಯು. ಕಾಲೇಜಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಮುಂದಿನ ಐದು ತಿಂಗಳಲ್ಲಿ ಏನು ನಡೆಯಿತು, ಎಲ್ಲಿ ನಾನು ದಾರಿ ತಪ್ಪಿದೆ, ಎಲ್ಲಿ ಗಂಟು ಬಿಚ್ಚಿಕೊಂಡಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಬೇಡ ಅಂದಳು. ಹಾಗಾಗಿ ಬಿಟ್ಟಿದ್ದೇನೆ.

ಬಂದಾಗ ಅವಳ ಇಂಗ್ಲಿಷ್ ಹೇಗಿತ್ತು

ಪಾಂಡವಪುರದ ಕಡೆಯ ಹಳ್ಳಿ ಹುಡುಗಿ. ಅಪ್ಪನಿಗೆ ಒಂದೂವರೆ ಎಕರೆ ಕಬ್ಬು. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆ ಕೆಲಸಕ್ಕೂ ಹೋಗುತ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ಮೈಸೂರಿನಲ್ಲಿ ಮೂರು ವರ್ಷದ ಜಿ.ಎನ್.ಎಂ. ಅನ್ನುವ ನರ್ಸಿಂಗ್ ಕೋರ್ಸ್. ಪುಸ್ತಕ, ಪರೀಕ್ಷೆ, ರೆಕಾರ್ಡ್ ಬುಕ್ ಎಲ್ಲವೂ ಇಂಗ್ಲಿಷಿನಲ್ಲೇ. ಫಸ್ಟ್ ಕ್ಲಾಸ್ ಬಂದಿದ್ದಳು.

"ಮೇಡಂ, ನಂಗೆ ಎಲ್ಲಾ ಅರ್ಥ ಆಗುತ್ತೆ. ಬರೀತೀನಿ. ಬಾಯಿಗೇ ಬರಲ್ಲ" ಅಂದಳು.

ಅವಳ ಮಾತು ನಿಜವೇ ಆಗಿತ್ತು. ಒಂದು ಪುಟ ಬರೆಯಲು ಕೊಟ್ಟೆ. ನಾಲ್ಕೈದು ತಪ್ಪು ಬಿಟ್ಟರೆ ಚೆನ್ನಾಗಿತ್ತು. ನಾನು ಇಂಗ್ಲಿಷಿನಲ್ಲಿ ಏನೇ ಕೇಳಿದರೂ ತಕ್ಷಣ ತಿಳಿಯುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತಿತ್ತು. ಜೊತೆಗೆ ಬಂದಿದ್ದ ಅವಳ ಅಣ್ಣ ಮೆಲ್ಲಗೆ ಕೇಳಿದ: "ಮೇಡಂ, ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಒಂದ್ಸಲ ತೋರಿಸಬೇಕಾ? ತೊದಲ್ತಾಳೆ ಅಂತ ಹೇಳ್ತಾರೆ."

ಅವನ ಕಾಳಜಿ ನನಗೆ ಇಷ್ಟವಾಯಿತು. ಆದರೆ ತೊದಲು ಇದ್ದವರಿಗೆ ಅದು ಸಾಮಾನ್ಯವಾಗಿ ಆಡುವ ಎಲ್ಲ ಭಾಷೆಯಲ್ಲೂ ಕಾಣಿಸುತ್ತದೆ. ಇವಳು ಅಣ್ಣನ ಜೊತೆ ಜಗಳ ಆಡುವಾಗ ಕನ್ನಡ ಹೊಳೆ ಹರಿದ ಹಾಗೆ ಹರಿಯುತ್ತಿತ್ತು. ಇದು ಬೇರೆ ಏನೋ ಅನ್ನಿಸಿತು. ಏನು ಅನ್ನುವುದು ಅವತ್ತು ನನಗೂ ತಿಳಿದಿರಲಿಲ್ಲ.

ಮೊದಲ ಮೂರು ವಾರ

ಈ ಮೂರು ವಾರವನ್ನು ನಾನು ಹಾಳು ಮಾಡಿದೆ. ನನಗೆ ಗೊತ್ತಿದ್ದದ್ದನ್ನೇ ಮಾಡಿಸಿದೆ. ಟೆನ್ಸ್ ಪಟ್ಟಿ, ಆರ್ಟಿಕಲ್, ಪ್ರಿಪೊಸಿಷನ್, ದಿನಾ ಇಂಗ್ಲಿಷ್ ಪೇಪರ್ ಜೋರಾಗಿ ಓದುವುದು. ಅವಳು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದಳು. ಟೆಸ್ಟ್ ಕೊಟ್ಟರೆ ಇಪ್ಪತ್ತಕ್ಕೆ ಹದಿನೆಂಟು. "ಈಗ ನಿನ್ನ ವಾರ್ಡಿನ ಬಗ್ಗೆ ಎರಡು ಮಾತು ಹೇಳಮ್ಮ" ಅಂದರೆ ಮತ್ತೆ ಅದೇ ಮೌನ. ಕಣ್ಣಲ್ಲಿ ನೀರು.

ಬರುವ ವಿಷಯವನ್ನೇ ಮತ್ತೆ ಕಲಿಸುತ್ತಿದ್ದೆ. ತಡೆ ಎಲ್ಲಿದೆ ಅಂತ ನೋಡಿರಲಿಲ್ಲ.

ಪೆನ್ಸಿಲ್ ಹಿಡಿದು ಕೇಳಿದ ರಾತ್ರಿ

ನಾಲ್ಕನೇ ವಾರ ಬೇರೆ ರೀತಿ ಮಾಡಿದೆ. ರೂಮಿನಲ್ಲಿ ಅವಳೊಬ್ಬಳನ್ನೇ ಬಿಟ್ಟು, ಒಂದು ರಾತ್ರಿಯ ಡ್ಯೂಟಿ ಹೇಗಿರುತ್ತದೆ ಅಂತ ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೇಳಿದೆ. ನಿಜವಾದ ರೋಗಿಯ ವಿಷಯ ಬೇಡ, ಬೆಡ್ ನಂಬರ್ ಕೂಡ ಕಲ್ಪಿಸಿಕೋ ಅಂತ ಮೊದಲೇ ಹೇಳಿದ್ದೆ. ರಾತ್ರಿ ಊಟ ಮುಗಿಸಿ ಅದನ್ನು ಹಾಕಿಕೊಂಡು ಕುಳಿತೆ. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಎಲ್ಲಿ ತಡೆದು ನಿಂತಳೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ.

ಗೆರೆಗಳು ಕ್ರಿಯಾಪದದ ಹತ್ತಿರ ಬೀಳುತ್ತವೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅವು ಬಿದ್ದದ್ದು ಈ ಪದಗಳ ಮುಂದೆ: ಹಾಸ್ಪಿಟಲ್, ಹಾರ್ಟ್, ಹೆಡ್, ಹ್ಯಾಂಡ್, ಹೈ, ಹಿಸ್ಟರಿ, ಹಾಫ್. ಮತ್ತೆ ಇವುಗಳ ಮುಂದೆಯೂ: ಆರ್ಮ್, ಐ, ಆಫ್ಟರ್, ಈವ್ನಿಂಗ್, ಆಪರೇಷನ್. ಎರಡು ಸಲ ನೋಡಿದೆ. ಉದ್ದನೆಯ ಮೌನಗಳೆಲ್ಲ ಹೆಚ್ಚುಕಡಿಮೆ 'ಹ'ಕಾರದ ಮುಂದೆ, ಇಲ್ಲವೇ ಸ್ವರದಿಂದ ಶುರುವಾಗುವ ಪದದ ಮುಂದೆ ನಿಂತಿದ್ದವು.

ಹಳೇ ಮೈಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಡ್ಯದ ಹಳ್ಳಿಗಳ ಕಡೆ ಎಷ್ಟೋ ಮನೆಗಳಲ್ಲಿ ಹಾಲು 'ಆಲು', ಹಸು 'ಅಸು', ಹೋಗ್ತೀನಿ ಅನ್ನುವುದು 'ಓಯ್ತೀನಿ'. ಮರುದಿನ ಅವಳ ಮುಂದೆ ಆ ಹಾಳೆ ಇಟ್ಟೆ. ತಲೆ ತಗ್ಗಿಸಿದಳು. ತುಂಬ ಹೊತ್ತಾದ ಮೇಲೆ ಹೇಳಿದಳು.

ಜಿ.ಎನ್.ಎಂ. ಮೊದಲ ವರ್ಷ, ಸೇರಿದ ಎರಡನೇ ವಾರ. "ತಿಂಡಿ ಆಯ್ತಾ" ಅಂತ ಯಾರೋ ಕೇಳಿದರು. "ಬರೀ ಆಲು ಕುಡ್ದು ಬಂದೆ" ಅಂದಳು. ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ಆ ವರ್ಷ ಪೂರ್ತಿ ಅವಳ ಹೆಸರು 'ಆಲು'. ತಪ್ಪಿಸಿಕೊಳ್ಳಲು ಅವಳು ಎಲ್ಲದಕ್ಕೂ 'ಹ' ಸೇರಿಸತೊಡಗಿದಳು. ಆಫೀಸು 'ಹಾಫೀಸು' ಆಯಿತು. ಅದಕ್ಕೂ ನಕ್ಕರು. ಆಮೇಲೆ ಒಂದು ಅಭ್ಯಾಸ ಬಂತು. ಪ್ರತಿ ಪದ ನಾಲಿಗೆಗೆ ಬರುವ ಮೊದಲು ಮನಸ್ಸಿನಲ್ಲೇ ಅದರ ಮೊದಲ ಅಕ್ಷರ ನೋಡುವುದು. ಇಲ್ಲಿ 'ಹ' ಇದೆಯಾ, ಇಲ್ಲವಾ?

ಕನ್ನಡದಲ್ಲಿ ಆ ಪರೀಕ್ಷೆ ಬೇಗ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ನೆನಪಿಸಿಕೊಂಡು ನೋಡಬೇಕು. ಅಷ್ಟು ಹೊತ್ತಿಗೆ ಎದುರಿಗಿದ್ದವರ ತಾಳ್ಮೆ ಮುಗಿದಿರುತ್ತದೆ.

ಎಲೇನ್ ಹಾರ್ವಿಟ್ಜ್ ಮತ್ತು ಅವರ ಜೊತೆಗಾರರು 1986ರಲ್ಲಿ ಹೊಸ ಭಾಷೆ ಕಲಿಯುವವರ ಅಂಜಿಕೆ ಅಳೆಯಲು 33 ಹೇಳಿಕೆಗಳ ಒಂದು ಪಟ್ಟಿ ಮಾಡಿದ್ದರು. ನಾನು ಮಾತಾಡುವಾಗ ಉಳಿದವರು ನಗುತ್ತಾರೆ ಅನ್ನುವ ಭಯ ನನಗಿದೆ ಅನ್ನುವ ಅರ್ಥದ ಹೇಳಿಕೆಯೂ ಅದರಲ್ಲಿದೆ. ಕೆಲವನ್ನು ಕನ್ನಡಕ್ಕೆ ತಂದು ಅವಳಿಗೆ ಓದಿ ಹೇಳಿದೆ. ಆ ಹೇಳಿಕೆ ಬಂದಾಗ ಅವಳು "ಇದು ನಾನೇ ಮೇಡಂ" ಅಂದಳು. ಅವಳ ಇಂಗ್ಲಿಷ್ ಭಯ ಹುಟ್ಟಿದ್ದು ಇಂಗ್ಲಿಷಿನಲ್ಲಿ ಅಲ್ಲ. ಅವಳ ಮನೆಮಾತಿಗೆ ನಕ್ಕ ದಿನ, ಕನ್ನಡದಲ್ಲೇ ಹುಟ್ಟಿತ್ತು. ನಮ್ಮ ಊರಿನ ಎಷ್ಟು ಮಕ್ಕಳು ಹೀಗೆ ಬಾಯಿ ಮುಚ್ಚಿಕೊಂಡಿದ್ದಾರೋ ಅಂತ ಯೋಚಿಸಿ ನನಗೆ ಅವತ್ತು ನಿದ್ದೆ ಬರಲಿಲ್ಲ.

ಪಾಲು, ಹಾಲು, ಆಲು

ಅಭ್ಯಾಸಕ್ಕಿಂತ ಮೊದಲು ಅವಳ ಮಾತಿನ ಮರ್ಯಾದೆ ಅವಳಿಗೆ ವಾಪಸ್ ಸಿಗಬೇಕಿತ್ತು. ಒಂದು ಭಾನುವಾರ ಪೂರ್ತಿ ಅದಕ್ಕೇ ಕೊಟ್ಟೆ.

ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಅನ್ನುತ್ತಿದ್ದರು. ಹೂವು 'ಪೂ' ಆಗಿತ್ತು. ಕಾಲ ಹೋದ ಹಾಗೆ 'ಪ' ಹೋಗಿ 'ಹ' ಆಯಿತು. ಅವಳ ಊರಿನಲ್ಲಿ 'ಹ' ಕೂಡ ಬಿದ್ದು 'ಆಲು' ಆಯಿತು. ಅದು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ, ಅಷ್ಟೆ. "ನಿನ್ನ ಜೊತೆ ಕೆಲಸ ಮಾಡುವ ಕೇರಳದ ಸಿಸ್ಟರ್ ಹಾಲಿಗೆ ಏನಂತಾರೆ?" ಅಂತ ಕೇಳಿದೆ. "ಪಾಲ್" ಅಂದವಳು ತಟ್ಟನೆ ನನ್ನ ಮುಖ ನೋಡಿದಳು. ಒಂದೇ ವಾರ್ಡಿನಲ್ಲಿ ಪಾಲ್, ಹಾಲು, ಆಲು ಮೂರೂ ಓಡಾಡುತ್ತಿದ್ದವು!

ಇಂಗ್ಲಿಷರ ಕಡೆಗೂ ಹೋದೆವು. ಲಂಡನ್ನಿನ ಪೂರ್ವ ಭಾಗದ ಆಡುಮಾತಿನಲ್ಲಿ 'ಹ' ಬೀಳುತ್ತದೆ. ಅವರಿಗೆ ಹೌಸ್ ಅಂದರೆ 'ಔಸ್'. ಅವರ್, ಆನೆಸ್ಟ್ ಅನ್ನುವ ಪದಗಳನ್ನು ಬರೆಯುವಾಗ 'ಹ' ಇದೆ, ಹೇಳುವಾಗ ಯಾರೂ ಹೇಳುವುದಿಲ್ಲ. ಬೇಗ ಮಾತಾಡುವಾಗ 'ಗಿವ್ ಹಿಮ್' ಅನ್ನುವುದು 'ಗಿವಿಮ್' ಆಗುತ್ತದೆ. ಅದು ಓದಿದವರ ಬಾಯಲ್ಲೂ ಹಾಗೆಯೇ.

ಆಮೇಲೆ ಕೂತು ಲೆಕ್ಕ ಹಾಕಿದೆವು. ಎಲ್ಲಿ 'ಹ' ಬಿದ್ದರೆ ತೊಂದರೆ, ಎಲ್ಲಿ ಇಲ್ಲ? 'ಆರ್ಟ್ ರೇಟ್ ಒನ್ ಟ್ವೆಂಟಿ' ಅಂದರೆ ವಾರ್ಡಿನಲ್ಲಿ ಯಾವ ಡಾಕ್ಟರಿಗೂ ಗೊಂದಲ ಆಗುವುದಿಲ್ಲ. 'ಹೈ ಬಿ.ಪಿ.' ಅನ್ನುವುದು 'ಐ ಬಿ.ಪಿ.' ಆದರೆ ಕೇಳುವವರಿಗೆ ತಿಳಿಯದೆ ಹೋಗಬಹುದು. ಹಾಗಾಗಿ 'ಹೈ' ಅನ್ನುವುದರ ಜೊತೆ ನಂಬರನ್ನೇ ಹೇಳಿಬಿಡುವುದು. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಹೆಚ್ಚು. ಈ ಎರಡರಲ್ಲಿ ನಿಜವಾದ ಅಪಾಯ ಪದದ ಮೊದಲ ಅಕ್ಷರದ್ದಲ್ಲ, ಕೊನೆಯದ್ದು. ಅಲ್ಲೂ ನಂಬರೇ ಕಾಯುತ್ತದೆ. ಇನ್ನೊಂದು ದೊಡ್ಡ ಅಪಾಯ ಫಿಫ್ಟೀನ್, ಫಿಫ್ಟಿ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. 'ಒನ್ ಫೈವ್', 'ಫೈವ್ ಜೀರೋ' ಅಂತ ಬಿಡಿಸಿ ಹೇಳಬೇಕು. ಡಾಕ್ಟರು ಫೋನಿನಲ್ಲಿ ಹೇಳಿದ ಔಷಧಿ, ಡೋಸನ್ನು ತಿರುಗಿ ಅವರಿಗೇ ಓದಿ ಹೇಳಬೇಕು. ಇದೆಲ್ಲ ಅವಳಿಗೆ ಕಾಲೇಜಿನಲ್ಲೇ ಹೇಳಿಕೊಟ್ಟಿದ್ದರು. ಒಂದು ಅಕ್ಷರದ ಭಯದಲ್ಲಿ ಉಳಿದದ್ದೆಲ್ಲ ಮಂಕಾಗಿತ್ತು.

'ಹ' ಅಭ್ಯಾಸವನ್ನು ಬಿಡಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಹಾರ್ಟ್' ಅನ್ನುವುದು. ಉಸಿರು ಅಂಗೈಗೆ ತಾಗಬೇಕು. 'ಆರ್ಟ್' ಅಂದರೆ ತಾಗುವುದಿಲ್ಲ. ದಿನಕ್ಕೆ ಹತ್ತೇ ಪದ, ಅದೂ ವಾರ್ಡಿನ ಪದಗಳು ಮಾತ್ರ. ಒಂದು ಕರಾರು ಮಾಡಿಕೊಂಡೆವು. ಅಭ್ಯಾಸದ ಹತ್ತು ನಿಮಿಷದಲ್ಲಿ ಮಾತ್ರ 'ಹ' ನೋಡುವುದು. ಮಾತಾಡುವಾಗ ನೋಡುವ ಹಾಗಿಲ್ಲ.

'ಹಿ ಹ್ಯಾಸ್' ಅನ್ನುವ ಎರಡು ಪದ

ಅವಳು ಯಾವಾಗಲೂ 'ಪೇಷಂಟ್ ಫೀವರ್ ಈಸ್ ದೇರ್' ಅನ್ನುತ್ತಿದ್ದಳು. ಇದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ 'ಹ್ಯಾವ್' ಅನ್ನುವುದಕ್ಕೆ ಸರಿಯಾದ ಕ್ರಿಯಾಪದ ಇಲ್ಲ. ನನಗೆ ಜ್ವರ ಇದೆ, ನನಗೆ ಇಬ್ಬರು ಅಕ್ಕಂದಿರಿದ್ದಾರೆ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟರೆ 'ಈಸ್ ದೇರ್' ಬರುತ್ತದೆ. ಇದನ್ನು ತಿದ್ದುವಾಗ ಗೊತ್ತಾಯಿತು, ಬರೆಯುವಾಗ ಅವಳು ಸರಿಯಾಗಿಯೇ ಬರೆಯುತ್ತಾಳೆ. ಬಾಯಲ್ಲಿ ಮಾತ್ರ ತಪ್ಪು. 'ಹಿ ಹ್ಯಾಸ್' ಅಂದರೆ ಬೆನ್ನು ಬೆನ್ನಿಗೆ ಎರಡು 'ಹ'! ಅದನ್ನು ತಪ್ಪಿಸಿಕೊಳ್ಳಲು ಸುತ್ತು ದಾರಿ ಹಿಡಿದಿದ್ದಳು. ನಾನು ಮೊದಲ ಮೂರು ವಾರ ಇದನ್ನೇ ವ್ಯಾಕರಣದ ತಪ್ಪು ಅಂತ ತಿದ್ದುತ್ತಿದ್ದೆ.

ಇನ್ನೊಂದು ತಡೆ 'ಯು'. ಡಾಕ್ಟರಿಗೆ 'ಯು' ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅವಳ ಕಿವಿಗೆ ಅದು 'ನೀನು' ಅಂದ ಹಾಗೆ. 'ಕಮ್' ಅಂದರೆ 'ಬಾ' ಅಂದ ಹಾಗೆ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ, ಬಾ, ಬನ್ನಿ ಅಂತ. ಇಂಗ್ಲಿಷಿನಲ್ಲಿ ಅದು ವಾಕ್ಯದ ಮುಂದೆ ಬಂದು ಕೂರುತ್ತದೆ. 'ಕುಡ್ ಯು ಪ್ಲೀಸ್ ಕಮ್ ನೌ, ಸರ್' ಅಂದರೆ 'ಈಗಲೇ ಬರ್ತೀರಾ ಸರ್' ಅಂದಷ್ಟೇ ಮರ್ಯಾದೆ ಅಂತ ಅವಳಿಗೆ ಮನದಟ್ಟು ಮಾಡಿಸಲು ಎರಡು ದಿನ ಹಿಡಿಯಿತು. ಆಮೇಲೆ ಆ ವಾಕ್ಯ ಅವಳದ್ದೇ ಆಯಿತು.

ನಾಲ್ಕು ಪ್ರಶ್ನೆ

ಫೋನಿನಲ್ಲಿ ಏನು ಮೊದಲು ಹೇಳಬೇಕು? ನಾವು ಊರ ಕಡೆ ಯಾವ ವಿಷಯವನ್ನೂ ಬುಡದಿಂದ ಹೇಳುತ್ತೇವೆ. ಅವಳೂ ರೋಗಿ ಅಡ್ಮಿಟ್ ಆದ ದಿನದಿಂದ ಶುರು ಮಾಡುತ್ತಿದ್ದಳು. ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ಧೈರ್ಯ ಮುಗಿದಿರುತ್ತಿತ್ತು.

ಇದಕ್ಕೆ ನರ್ಸುಗಳ ಕೈಯಲ್ಲೇ ಒಂದು ಸಾಧನ ಇದೆ. 'ಎಸ್‌ಬಾರ್' ಅನ್ನುತ್ತಾರೆ. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗಳಿಗೆ ಬಂದ ಪದ್ಧತಿ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ಏನು ಆಗಬೇಕು. ನಾಲ್ಕೇ ಪ್ರಶ್ನೆ, ಇದೇ ಸಾಲಿನಲ್ಲಿ. ಅವಳು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದಿದ್ದಳು. ಬಾಯಿಂದ ಹೇಳಿದ್ದು ನಮ್ಮ ಮನೆಯಲ್ಲೇ ಮೊದಲು.

ಆ ಎರಡೂವರೆ ಗಂಟೆಯ ಫೋನನ್ನೇ ಮತ್ತೆ ಆಡಿಸಿದೆವು. "ಸರ್, ಬೆಡ್ ಟ್ವೆಲ್ವ್. ಬಿ.ಪಿ. ಈಸ್ ಫಾಲಿಂಗ್. ನೈಂಟಿ ಬೈ ಸಿಕ್ಸ್ಟಿ. ಪಲ್ಸ್ ಒನ್ ಒನ್ ಏಟ್. ಪೋಸ್ಟ್ ಆಪ್ ಡೇ ಒನ್. ಯೂರಿನ್ ಔಟ್‌ಪುಟ್ ಈಸ್ ಲೋ. ಐ ಥಿಂಕ್ ಹಿ ಈಸ್ ಬ್ಲೀಡಿಂಗ್. ಕುಡ್ ಯು ಪ್ಲೀಸ್ ಕಮ್ ನೌ, ಸರ್." ಮೊದಲ ದಿನ ಇದಕ್ಕೆ ಎರಡು ನಿಮಿಷದ ಮೇಲೆ ಹಿಡಿಯಿತು. ಎರಡು ವಾರದ ಮೇಲೆ ಅರ್ಧ ನಿಮಿಷ. 'ಐ ಥಿಂಕ್' ಅನ್ನುವ ಜಾಗದಲ್ಲಿ ಧ್ವನಿ ಸಣ್ಣಗಾಗುತ್ತಿತ್ತು. ನಾನು ನರ್ಸು, ನನಗೆ ಅನ್ನಿಸಿದ್ದನ್ನು ಡಾಕ್ಟರಿಗೆ ಹೇಳಬಹುದಾ ಅನ್ನುವ ಅಳುಕು. "ನೀನು ರಾತ್ರಿಯೆಲ್ಲ ಬೆಡ್ ಪಕ್ಕ ನಿಂತವಳು ಕಣಮ್ಮ. ನಿನಗೆ ಅನ್ನಿಸಿದ್ದು ಅವರಿಗೆ ಬೇಕು" ಅಂದೆ.

ನನ್ನ ಮುಂದೆ ಮಾತ್ರ ಹೇಳಿದರೆ ಸಾಲದು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಹೇಳಿ ಅವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿಸಿದೆ. ಅವನು ಡಾಕ್ಟರ ಹಾಗೆ ಮಧ್ಯೆ ಬಾಯಿ ಹಾಕಬೇಕು, ನಂಬರ್ ತಪ್ಪಾಗಿ ತಿರುಗಿ ಹೇಳಬೇಕು, ಅವಳು ತಿದ್ದಬೇಕು. ಮೊದಲ ಎರಡು ಸಲ ಫೋನ್ ಕಟ್ ಮಾಡಿದಳು. ಮೂರನೇ ಸಲ "ನೋ ಸರ್, ನಾಟ್ ಫೈವ್ ಜೀರೋ, ಒನ್ ಫೈವ್" ಅಂದಳಂತೆ. ಅವನು ನನಗೆ ಫೋನ್ ಮಾಡಿ, "ಅತ್ತೆ, ನನ್ನನ್ನೇ ಗದರಿಸಿದಳು" ಅಂದ. ಅವತ್ತು ಮನೆಯಲ್ಲಿ ಪಾಯಸ ಮಾಡಿದೆ.

ಆಲೆಮನೆ, ಮೂರು ಸಲ

ವಾರ್ಡಿನ ವಾಕ್ಯಗಳು ಕೂತವು. ಆದರೆ ಅವು ಕಟ್ಟಿಟ್ಟ ವಾಕ್ಯಗಳು. ಆ ಕ್ಷಣಕ್ಕೆ ಮಾತು ಹೊಸೆಯುವುದು ಬೇರೆ. ಅದಕ್ಕೆ ನಾಲ್ಕು-ಮೂರು-ಎರಡು ಅನ್ನುವ ಅಭ್ಯಾಸ ಮಾಡಿಸಿದೆ. ನ್ಯೂಜಿಲೆಂಡಿನ ಪಾಲ್ ನೇಶನ್ 1989ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಬೇಕು. ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ. ಮತ್ತೊಬ್ಬರಿಗೆ ಎರಡೇ ನಿಮಿಷದಲ್ಲಿ. ಕೇಳುವವರು ಮಧ್ಯೆ ತಿದ್ದುವ ಹಾಗಿಲ್ಲ. ವಿಷಯ ಹೇಳುವವರಿಗೆ ಚೆನ್ನಾಗಿ ಗೊತ್ತಿರಬೇಕು. ಆಗ ಮನಸ್ಸು ಮಾತಿನ ಕಡೆ ಇರುತ್ತದೆ.

ಅವಳು ಆರಿಸಿಕೊಂಡಿದ್ದು ಆಲೆಮನೆ. ಮೊದಲು ನಾನು ಕೇಳಿದೆ, ಆಮೇಲೆ ನಮ್ಮ ಯಜಮಾನರು, ಆಮೇಲೆ ಪಕ್ಕದ ಮನೆಯವರು. ಗಾಣದಲ್ಲಿ ಕಬ್ಬು ಅರೆಯುವುದು, ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಡುವುದು, ಸುಣ್ಣ ಹಾಕುವುದು, ಬೆಂಡೆಯ ಲೋಳೆ ಹಾಕಿ ಕಸ ಮೇಲೆ ಬರಿಸಿ ತೆಗೆಯುವುದು, ಪಾಕ ಬಂತಾ ಅಂತ ನೀರಿನಲ್ಲಿ ಬಿಟ್ಟು ನೋಡುವುದು, ಅಚ್ಚಿಗೆ ಹೊಯ್ಯುವುದು. ಕೊಪ್ಪರಿಗೆಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಮೊದಲ ಸಲ ನಿಂತಳು. ಎರಡನೇ ಸಲ 'ಅ ವೆರಿ ಬಿಗ್ ಐರನ್ ಪ್ಯಾನ್' ಅಂದು ಮುಂದೆ ಹೋದಳು. ಮೂರನೇ ಸಲ ಕೈ ಆಡಿಸುತ್ತಾ, ಅಪ್ಪ ಬೆಂಕಿಯ ಮುಂದೆ ನಿಲ್ಲುವ ರೀತಿ ತೋರಿಸುತ್ತಾ ಹೇಳಿದಳು. ಕಬ್ಬಿನ ರಸಕ್ಕೆ ಅವಳ ಊರಲ್ಲಿ ಹಾಲು ಅಂತಲೇ ಹೇಳುತ್ತಾರೆ. ಆ ಪದ ಕನ್ನಡದಲ್ಲೇ ಬಂತು, 'ಆಲು' ಅಂತ. ಅವಳು ಗಮನಿಸಲೇ ಇಲ್ಲ.

ವಾರಕ್ಕೆ ಎರಡು ಸಲ ಹೀಗೆ. ಉಳಿದ ದಿನ ಊರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿ ಪಕ್ಕ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಬರುವಷ್ಟರಲ್ಲಿ ಒಂದು ಹ್ಯಾಂಡೋವರ್ (ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಯ ವಿಷಯ ಒಪ್ಪಿಸುವ ಮಾತು) ಮುಗಿಯುತ್ತದೆ ಅಂತ ಲೆಕ್ಕ ಇಟ್ಟಿದ್ದಳು. ಕೆಲವು ಬೆಳಿಗ್ಗೆ ನಾವಿಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾ ಮಾತಾಡಿದೆವು. ನಡೆಯುವಾಗ ಅವಳ ಮಾತು ಸಲೀಸು. ಯಾರೂ ಅವಳ ಬಾಯಿ ನೋಡುತ್ತಿರಲಿಲ್ಲ ಅಲ್ವಾ, ಅದಕ್ಕಿರಬಹುದು. ದಸರಾ ಸಮಯದಲ್ಲಿ ಎರಡು ವಾರ ಎಲ್ಲ ನಿಂತುಹೋಯಿತು. ತಿರುಗಿ ಬಂದಾಗ ಒಂದಷ್ಟು ಹಿಂದೆ ಸರಿದಿದ್ದಳು. ಒಂದೇ ವಾರದಲ್ಲಿ ಮತ್ತೆ ಹಿಡಿದಳು.

ಈಗ

ಎಲ್ಲವೂ ಸರಿಹೋಗಿಲ್ಲ. ಕ್ಯಾಂಟೀನಿನಲ್ಲಿ ಬೇರೆ ರಾಜ್ಯದ ಸಿಸ್ಟರ್‌ಗಳು ಹರಟುವಾಗ ಅವಳು ಈಗಲೂ ಹೆಚ್ಚಾಗಿ ಸುಮ್ಮನೇ ಇರುತ್ತಾಳೆ. ಸುಸ್ತಾದಾಗ 'ಈಸ್ ದೇರ್' ವಾಪಸ್ ಬರುತ್ತದೆ. ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವುದು ಇನ್ನೂ ಆಗಿಲ್ಲ. ಅವಳ ಉಚ್ಚಾರಣೆ ಮಂಡ್ಯದ್ದೇ. ಅದನ್ನು ಬದಲಿಸಲು ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ.

ನೈಟ್ ಡ್ಯೂಟಿ ಮತ್ತೆ ಕೊಟ್ಟಿದ್ದಾರೆ. ನವೆಂಬರಿನ ಒಂದು ರಾತ್ರಿ ಶುಗರ್ ತೀರಾ ಇಳಿದಿದ್ದ ರೋಗಿಯೊಬ್ಬರ ಬಗ್ಗೆ ಅವಳೇ ಫೋನ್ ಮಾಡಿ, ನಂಬರ್ ಹೇಳಿ, ಡಾಕ್ಟರು ಹೇಳಿದ್ದನ್ನು ತಿರುಗಿ ಓದಿ, ಬರೆದುಕೊಂಡಳಂತೆ. ಬೆಳಿಗ್ಗೆ ಡ್ಯೂಟಿ ಮುಗಿಸಿ ಸೀದಾ ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು. ಕಾಫಿ ಕೊಟ್ಟೆ. ಫೋನಿನಲ್ಲಿ ಹೇಳಿದ್ದನ್ನು ಹಾಗೇ ಹೇಳಿ ತೋರಿಸು ಅಂದೆ, ರೋಗಿಯ ಹೆಸರು ಬಿಟ್ಟು.

ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. 'ಆರ್ಟ್ ರೇಟ್ ಒನ್ ಟೆನ್' ಅಂದಳು. 'ಹ' ಬಿದ್ದಿತ್ತು. ಅವಳು ನಿಲ್ಲಲಿಲ್ಲ. ನಾನೂ ತಿದ್ದಲಿಲ್ಲ.